ಕಪ್ಪೆಚಿಪ್ಪು ಎಸೆದ ಹುಡುಗ, ಗಾಳಿಯಲ್ಲಿ ಬಾಗಿದ ಚೆಂಡು

ಬೇಸ್‌ಬಾಲ್ ಚೆಂಡು ಗಾಳಿಯಲ್ಲಿ ಬಾಗುವುದೇ ಇಲ್ಲ, ಅದೆಲ್ಲ ಕಣ್ಣಿನ ಭ್ರಮೆ ಎಂದು ಹಟ ಹಿಡಿದವರು ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಇದ್ದರು. ಅಷ್ಟು ಹೊತ್ತಿಗೆ, ಅದೇ ಚೆಂಡನ್ನು ಬಾಗಿಸಿ ಹೊಟ್ಟೆ ಹೊರೆದ ಎಸೆತಗಾರ ವಿಲಿಯಂ ಆರ್ಥರ್ ಕಮಿಂಗ್ಸ್ ತೀರಿಕೊಂಡು (1924) ಎಷ್ಟೋ ವರ್ಷಗಳಾಗಿದ್ದವು. ಅಳೆದು ನೋಡಬಹುದಾದ ಸಂಗತಿಯನ್ನು ಅಳೆಯದೆ ಅಲ್ಲಗಳೆಯುವ ಚಾಳಿ ನನಗೆ ಮೂಢನಂಬಿಕೆಯಷ್ಟೇ ಅಸಹನೀಯ.

ಕಮಿಂಗ್ಸ್ ಹುಟ್ಟಿದ್ದು 1848ರಲ್ಲಿ, ಮ್ಯಾಸಚೂಸೆಟ್ಸ್‌ನ ವೇರ್ ಎಂಬ ಊರಿನಲ್ಲಿ. 1863ರಲ್ಲಿ ಬ್ರೂಕ್ಲಿನ್‌ನ ಗೆಳೆಯರೊಡನೆ ಕಪ್ಪೆಚಿಪ್ಪುಗಳನ್ನು ಎಸೆದು ಆಡುತ್ತಿದ್ದಾಗ ಅವು ಡೊಂಕಾಗಿ ಹಾರುವುದನ್ನು ಕಂಡು, ಚೆಂಡನ್ನೂ ಹೀಗೆ ಹಾರಿಸಬಾರದೇಕೆ ಎಂದು ಯೋಚಿಸಿದ್ದಾಗಿ ಆತನೇ ಮುಂದೆ ಬರೆದ. ಚಿಪ್ಪನ್ನು ಬಾಗಿಸುವುದು ಅದರ ಆಕಾರ. ಚೆಂಡನ್ನು ಬಾಗಿಸುವುದು ಅದರ ಸುತ್ತು, ಅಂದರೆ ಗಿರಕಿ. ಹೋಲಿಕೆ ತಪ್ಪು, ಫಲ ಸರಿ! ಅಂದಿನ ನಿಯಮದಂತೆ 45 ಅಡಿ ದೂರದಿಂದ, ಕೈಯನ್ನು ಸೊಂಟದ ಕೆಳಗಿಟ್ಟೇ ಎಸೆಯಬೇಕಿತ್ತು. ಸುತ್ತೆಲ್ಲ ಮಣಿಕಟ್ಟು, ಬೆರಳುಗಳಿಂದಲೇ ಬರಬೇಕು. ವರ್ಷಗಟ್ಟಲೆ ಅಭ್ಯಾಸ ಮಾಡಿ, 1867ರಲ್ಲಿ ಹಾರ್ವರ್ಡ್ ತಂಡದ ಎದುರು ಆತ ಕೊನೆಗೂ ಚೆಂಡನ್ನು ಬಾಗಿಸಿದ. ಚೆಂಡು ಬಾಗಿಸಿದ ಮೊದಲಿಗ ತಾನೆಂದು ಫ್ರೆಡ್ ಗೋಲ್ಡ್‌ಸ್ಮಿತ್ ಎಂಬ ಇನ್ನೊಬ್ಬ ಎಸೆತಗಾರ ಸಹ ವಾದಿಸಿದ್ದುಂಟು.

ಮುನ್ನುಗ್ಗುವ ಚೆಂಡಿನ ಮೈ ಸವರುತ್ತಾ ಗಾಳಿಯ ತೆಳು ಪದರವೊಂದು ಹಿಂದಕ್ಕೆ ಸಾಗಿ, ಒಂದೆಡೆ ಕಳಚಿಕೊಳ್ಳುತ್ತದೆ. ಸುತ್ತುತ್ತಿರುವ ಚೆಂಡಿನ ಒಂದು ಪಕ್ಕ ಗಾಳಿಯ ಜೊತೆಗೇ ಹಿಂದಕ್ಕೆ ಸರಿಯುತ್ತದೆ; ಅಲ್ಲಿ ಪದರ ತಡವಾಗಿ ಕಳಚುತ್ತದೆ. ಇನ್ನೊಂದು ಪಕ್ಕ ಗಾಳಿಗೆ ಎದುರಾಗಿ ಓಡುತ್ತದೆ. ಅಲ್ಲಿ ಬೇಗ ಕಳಚುತ್ತದೆ. ಹಾಗಾಗಿ ಹಿಂದೆ ಉಳಿಯುವ ಗಾಳಿ ಈ ಎರಡನೆಯ ಪಕ್ಕದತ್ತ ಓರೆಯಾಗುತ್ತದೆ, ಚೆಂಡು ಮೊದಲನೆಯ ಪಕ್ಕದತ್ತ ಸರಿಯುತ್ತದೆ. ಚುಕ್ಕಾಣಿ ನೀರನ್ನು ಒಂದೆಡೆಗೆ ತಿರುಗಿಸಿ ದೋಣಿಯನ್ನು ಹೊರಳಿಸುವುದೂ ಹೀಗೆಯೇ. ಚೆಂಡಿನ ಮೇಲೆ ಉಬ್ಬಿದ 108 ಜೋಡಿ ಹೊಲಿಗೆಗಳು ಗಾಳಿಯ ಮೇಲಿನ ಹಿಡಿತವನ್ನು ಹೆಚ್ಚಿಸುತ್ತವೆ. ಕ್ರಿಕೆಟ್‌ನ ಸ್ಪಿನ್ನರ್ ಎಸೆದ ಚೆಂಡು ಗಾಳಿಯಲ್ಲೇ ವಾಲುವುದಕ್ಕೂ ಇದೇ ಕಾರಣ. ವೇಗಿಗಳ ಸ್ವಿಂಗ್ ಬೇರೆಯದೇ ಕತೆ. ಟೆನಿಸ್ ಚೆಂಡಿನ ಡೊಂಕನ್ನು ನ್ಯೂಟನ್ 1672ರಲ್ಲೇ ಗಮನಿಸಿದ್ದ. ಬಂದೂಕಿನ ಗುಂಡು ದಾರಿ ತಪ್ಪುವುದಕ್ಕೆ ಅದರ ಸುತ್ತೇ ಕಾರಣವೆಂದು ಬೆಂಜಮಿನ್ ರಾಬಿನ್ಸ್ ಹದಿನೆಂಟನೆಯ ಶತಮಾನದಲ್ಲಿ ತೋರಿಸಿದ. ಆದರೂ ಹೆಸರು ದಕ್ಕಿದ್ದು ಆಮೇಲೆ ಬಂದ ಜರ್ಮನಿಯ ಮ್ಯಾಗ್ನಸ್‌ಗೆ; ಇದನ್ನು ಮ್ಯಾಗ್ನಸ್ ಪರಿಣಾಮ ಎನ್ನುತ್ತಾರೆ.

ಸುಮಾರು 54 ಕಿಲೋ ತೂಕದ ಸಣಕಲ ಕಮಿಂಗ್ಸ್ 1875ರಲ್ಲಿ ಹಾರ್ಟ್‌ಫರ್ಡ್ ತಂಡಕ್ಕೆ 35 ಪಂದ್ಯ ಗೆದ್ದುಕೊಟ್ಟ. ಮರುವರ್ಷ ಸೆಪ್ಟೆಂಬರ್ 9ರಂದು ಒಂದೇ ದಿನ ಎರಡು ಪಂದ್ಯಗಳನ್ನು ಪೂರ್ತಿ ತಾನೇ ಎಸೆದು ಗೆದ್ದ. 1877ರಲ್ಲಿ ಸಿನ್ಸಿನಾಟಿಗೆ ಬರೀ 5 ಗೆಲುವು, 14 ಸೋಲು. ಆ ಹೊತ್ತಿಗೆ ಬೇರೆಯವರೂ ಈ ವಿದ್ಯೆ ಕಲಿತಿದ್ದರು. ಮುಂದೆ ಆಥಾಲ್ ಎಂಬ ಊರಿನಲ್ಲಿ ಬಣ್ಣದ ಅಂಗಡಿ ಇಟ್ಟ. 1939ರಲ್ಲಿ ಬೇಸ್‌ಬಾಲ್‌ನ ಮಹಾನ್ ಆಟಗಾರರನ್ನು ಗೌರವಿಸುವ ಹಾಲ್ ಆಫ್ ಫೇಮ್‌ನಲ್ಲಿ ಆತನ ಹೆಸರು ಸೇರಿತು.

ಕೊನೆಗೂ ಅಳೆದವರು ಅಮೆರಿಕದ ಭೌತವಿಜ್ಞಾನಿ ಲೈಮನ್ ಬ್ರಿಗ್ಸ್. 1959ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳ ಪ್ರಕಾರ ಚೆಂಡು 17.5 ಇಂಚಿನವರೆಗೂ ಪಕ್ಕಕ್ಕೆ ಸರಿಯಬಲ್ಲದು. ಭ್ರಮೆಯ ವಾದದಲ್ಲಿ ಒಂದೇ ಒಂದು ಎಳೆ ನಿಜ: ಬ್ಯಾಟರ್‌ಗೆ ಚೆಂಡು ಕೊನೆಯಲ್ಲಿ ಥಟ್ಟನೆ ಹೊರಳಿದಂತೆ ಕಾಣುತ್ತದೆ, ವಾಸ್ತವದಲ್ಲಿ ಅದು ಉದ್ದಕ್ಕೂ ನಯವಾಗಿ ಬಾಗುತ್ತಿರುತ್ತದೆ. ಆದರೆ ಪಕ್ಕಕ್ಕೆ ಸರಿಯುವ ದೂರ ಕಾಲದ ವರ್ಗದಂತೆ ಬೆಳೆಯುವುದರಿಂದ, ದಾರಿಯ ಮೊದಲರ್ಧದಲ್ಲಿ ಕಾಲುಭಾಗ ಬಾಗಿದರೆ ಉಳಿದರ್ಧದಲ್ಲಿ ಮುಕ್ಕಾಲು ಭಾಗ. ಎದುರುಗಾಳಿಯಲ್ಲಿ ಚೆಂಡು ಚೆನ್ನಾಗಿ ಬಾಗುತ್ತದೆ, ಆದರೆ ಬ್ಯಾಟರ್‌ನನ್ನು ದಾಟಿದ ಮೇಲೆ ಬಾಗಿಬಿಡುತ್ತದೆ ಎಂಬ ಕಮಿಂಗ್ಸ್‌ನ ದೂರು ಈ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ.