ಒತ್ತುಯಂತ್ರಕ್ಕಿಂತ ಮೊದಲು ತಕ್ಕಡಿ

ಬಂದೂಕು ಸಿಡಿದಾಗ ತೋಟಾದಲ್ಲಿ ಖರ್ಚಾಗುವುದು ಮೂರು: ಗುಂಡು, ಮದ್ದು, ಮದ್ದಿಗೆ ಬೆಂಕಿ ಹೊತ್ತಿಸುವ ಕೇಪು. ನಾಲ್ಕನೆಯ ಭಾಗವಾದ ಹಿತ್ತಾಳೆಯ ಕೋಶ ಹಾಗೇ ಉಳಿಯುತ್ತದೆ. ಸಾಮಾನ್ಯವಾಗಿ ನಾಲ್ಕರಲ್ಲಿ ಹೆಚ್ಚು ಬೆಲೆಯದು ಅದೇ. ಅದನ್ನು ಹೆಕ್ಕಿ ಮತ್ತೆ ತುಂಬಿಕೊಳ್ಳುವ ರೂಢಿ ಅಮೆರಿಕದಲ್ಲಿ ಹಳೆಯದು. 1870ರ ದಶಕದಲ್ಲಿ ಅಲ್ಲಿನ ಹುಲ್ಲುಗಾವಲುಗಳಲ್ಲಿ ಕಾಡೆಮ್ಮೆ ಬೇಟೆಗೆ ಹೋದವರು ಬಿಡಾರದಲ್ಲೇ ಕೂತು ತೋಟಾ ತುಂಬುತ್ತಿದ್ದರು. ಇವತ್ತೂ ಅಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ, ಮಾರುವುದಾದರೆ ಬೇಕು. ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡವರಿಗೆ ಇರುವ ವಿನಾಯಿತಿಯೂ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಆದ್ದರಿಂದ ಮುಂದಿನದ್ದೆಲ್ಲ ಅಮೆರಿಕದ ಗ್ಯಾರೇಜುಗಳ ಮಾತು.

ಈ ಹವ್ಯಾಸಕ್ಕೆ ಇಳಿಯುವವರು ಮೊದಲು ಕೇಳುವುದು ಯಾವ ಪ್ರೆಸ್ ಕೊಳ್ಳಲಿ ಎಂದು. ಸಿಡಿದಾಗ ಹಿಗ್ಗಿದ ಕೋಶವನ್ನು ಮೊದಲಿನ ಅಳತೆಗೆ ತರಲು ಅಚ್ಚಿನೊಳಗೆ ಒತ್ತುವ ಯಂತ್ರವೇ ಪ್ರೆಸ್. ಮೇಜಿನ ಮೇಲೆ ದೊಡ್ಡದಾಗಿ ಕಾಣುವುದು ಅದೇ, ಹೆಚ್ಚು ಹಣ ಬೇಡುವುದೂ ಹೆಚ್ಚಾಗಿ ಅದೇ. ನನ್ನ ಕೇಳಿದರೆ, ಮೊದಲು ನೋಡಬೇಕಾದ್ದು ತಕ್ಕಡಿ.

ಅದಕ್ಕೆ ಕಾರಣ ಮದ್ದು ಉರಿಯುವ ರೀತಿಯಲ್ಲಿದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ನೈಟ್ರೋಸೆಲ್ಯುಲೋಸಿನಿಂದ ಹೊಗೆರಹಿತ ಮದ್ದು ತಯಾರಿಸಿದ. ಒತ್ತಡ ಏರಿದಂತೆ ಮದ್ದು ಉರಿಯುವ ವೇಗವೂ ಏರುತ್ತದೆ ಎಂಬ ನಿಯಮ ಇಂದಿಗೂ ಅವನ ಹೆಸರಿನಲ್ಲಿದೆ. ಬಯಲಿನಲ್ಲಿ ಚಿಟಿಕೆ ಮದ್ದಿಗೆ ಬೆಂಕಿ ಇಟ್ಟರೆ ಅದು ಭುಗ್ಗನೆ ಉರಿದು ಮುಗಿಯುತ್ತದೆ. ಕೋಶದೊಳಗೆ ಹಾಗಲ್ಲ. ಹುಟ್ಟಿದ ಅನಿಲಕ್ಕೆ ದಾರಿಯಿಲ್ಲ, ಒತ್ತಡ ಏರುತ್ತದೆ, ಏರಿದ ಒತ್ತಡ ಉರಿಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ, ಅದರಿಂದ ಮತ್ತಷ್ಟು ಒತ್ತಡ. ಗುಂಡು ಮುಂದೆ ಸರಿದು ಜಾಗ ಬಿಟ್ಟುಕೊಟ್ಟಾಗಲೇ ಈ ಸರಪಳಿ ಸಡಿಲವಾಗುವುದು. 1906ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ .30-06 ತೋಟಾದ ಗರಿಷ್ಠ ಮಿತಿ ಚದರ ಇಂಚಿಗೆ 60,000 ಪೌಂಡ್, ಅಂದರೆ ವಾಯುಮಂಡಲದ ಒತ್ತಡದ ಸುಮಾರು 4,000 ಪಟ್ಟು. ಇಂಥ ಕಡೆ ಮದ್ದು ತುಸು ಹೆಚ್ಚಾದರೆ ಒತ್ತಡವೂ ಅಷ್ಟೇ ತುಸು ಹೆಚ್ಚಾಗುವುದಿಲ್ಲ, ಅದಕ್ಕಿಂತ ಬಹಳ ಮುಂದೆ ಹೋಗುತ್ತದೆ. ಗುಂಡನ್ನು ಬೇಕಾದ್ದಕ್ಕಿಂತ ಆಳಕ್ಕೆ ಕೂರಿಸಿದರೂ ಒಳಗಿನ ಜಾಗ ಕುಗ್ಗಿ ಅದೇ ಪರಿಣಾಮ. ತೋಟಾದ ಉದ್ದ ಅಳೆಯುವ ಕ್ಯಾಲಿಪರ್ ಐಷಾರಾಮದ ವಸ್ತುವಲ್ಲ ಎನ್ನುವುದು ಅದಕ್ಕೇ.

ಮದ್ದಿನ ತೂಕಕ್ಕೆ ಅಲ್ಲಿ ಬಳಸುವ ಮಾನ ಗ್ರೇನ್. ಒಂದು ಪೌಂಡಿಗೆ 7,000 ಗ್ರೇನ್, ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದರ ಹತ್ತಿರ ಹತ್ತಿರ ಎರಡು ಪಟ್ಟು ತೂಗುತ್ತದೆ. ತೋಟಾ ತುಂಬುವವರು ನೋಡುವುದು ಗ್ರೇನಿನ ಹತ್ತನೇ ಒಂದು ಭಾಗವನ್ನು, ಅಂದರೆ ಆರೂವರೆ ಮಿಲಿಗ್ರಾಮನ್ನು. ಎಲೆಕ್ಟ್ರಾನಿಕ್ ತಕ್ಕಡಿ ಇದನ್ನು ಥಟ್ಟನೆ ತೋರಿಸುತ್ತದೆ. ಆದರೆ ಅದರೊಳಗಿನ ಸಂವೇದಕಕ್ಕೆ ಕೋಣೆಯ ಬಿಸಿ ಏರಿದರೂ ಫ್ಯಾನಿನ ಗಾಳಿ ತಾಗಿದರೂ ಅಂಕಿ ಜಾರುತ್ತದೆ. ಹಳೆಯ ದಂಡದ ತಕ್ಕಡಿಗೆ ಬ್ಯಾಟರಿಯೂ ಬೇಡ, ಕಾಯುವುದೂ ಬೇಡ. ಅದರ ದಂಡದ ತುದಿಯ ತಾಮ್ರದ ತಗಡು ಎರಡು ಆಯಸ್ಕಾಂತಗಳ ನಡುವೆ ಆಡುತ್ತದೆ. ಆಡುವಾಗ ತಗಡಿನಲ್ಲಿ ಸುಳಿವಿದ್ಯುತ್ ಹುಟ್ಟಿ ಚಲನೆಗೇ ಅಡ್ಡ ನಿಲ್ಲುತ್ತದೆ, ದಂಡ ತೂಗಾಡುವುದನ್ನು ಬಿಟ್ಟು ಬೇಗ ನೆಲೆಗೆ ಬರುತ್ತದೆ. ದಂಡ ನಿಂತ ಮೇಲೆ ಸುಳಿವಿದ್ಯುತ್ತೂ ಇಲ್ಲ, ಆದ್ದರಿಂದ ತೂಕದಲ್ಲಿ ತಪ್ಪೂ ಬರುವುದಿಲ್ಲ. ಶಾಲೆಯಲ್ಲಿ ಉರುಹೊಡೆದ ಲೆನ್ಜ್ ನಿಯಮ ಇಷ್ಟು ಸದ್ದಿಲ್ಲದೆ ದುಡಿಯುವ ಜಾಗ ಬೇರೆ ಕಡಿಮೆ. ಯಾವುದನ್ನೇ ಕೊಂಡರೂ ಜೊತೆಗೆ ಪರೀಕ್ಷಾ ತೂಕದ ಬಟ್ಟುಗಳಿರಲಿ. ಅವಿಲ್ಲದಿದ್ದರೆ ತಕ್ಕಡಿ ಸುಳ್ಳು ಹೇಳುತ್ತಿದೆಯೆಂದು ತಿಳಿಯುವ ಬಗೆಯೇ ಇಲ್ಲ.

ಈಗ ಪ್ರೆಸ್ಸಿಗೆ ಬರೋಣ. ಒಂಟಿ ಹಂತದ್ದು ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುತ್ತದೆ. ಟರೆಟ್ ಪ್ರೆಸ್ಸಿನ ತಲೆಯಲ್ಲಿ ಹಲವು ಅಚ್ಚುಗಳಿದ್ದು ತಿರುಗಿಸಿಕೊಳ್ಳಬಹುದು. ಪ್ರೋಗ್ರೆಸಿವ್‌ನಲ್ಲಿ ಒಂದೇ ಎಳೆತಕ್ಕೆ ಹಲವು ಕೋಶಗಳ ಮೇಲೆ ಬೇರೆ ಬೇರೆ ಕೆಲಸ ನಡೆದು ಪ್ರತಿ ಸಲವೂ ಒಂದು ತೋಟಾ ಹೊರಬೀಳುತ್ತದೆ. ಅರಿಜೋನಾದ ಡಿಲ್ಲನ್ ಕಂಪನಿ ಹೆಸರು ಮಾಡಿದ್ದು ಇಂಥ ಯಂತ್ರಗಳಿಂದ. ವಾರಕ್ಕೆ ನೂರಾರು ತೋಟಾ ಹಾರಿಸುವ ಸ್ಪರ್ಧಾಳುವಿಗೆ ಅದು ಸರಿ. ಹೊಸಬರಿಗೆ ಸಲ್ಲ. ಐದು ಕಡೆ ಒಟ್ಟಿಗೆ ಕೆಲಸ ನಡೆಯುವಾಗ ಒಂದು ಕೋಶಕ್ಕೆ ಮದ್ದು ಎರಡು ಸಲ ಬಿದ್ದರೆ ಕಣ್ಣಿಗೆ ಬೀಳುವುದು ಕಷ್ಟ. .38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾ ಇದಕ್ಕೆ ಒಳ್ಳೆಯ ಉದಾಹರಣೆ. ಕಪ್ಪು ಮದ್ದಿನ ಕಾಲಕ್ಕೆ ರೂಪಿಸಿದ ಕೋಶ ಅದು, ಹೊಟ್ಟೆ ದೊಡ್ಡದು. ಇಂದಿನ ಮದ್ದು ಅದರ ತಳದಲ್ಲಷ್ಟೇ ಕೂರುತ್ತದೆ, ದುಪ್ಪಟ್ಟು ಬಿದ್ದರೂ ತುಳುಕುವುದಿಲ್ಲ. ಒಂಟಿ ಹಂತದ ಪ್ರೆಸ್ಸಿನವನಾದರೋ ಐವತ್ತು ಕೋಶಗಳನ್ನು ಹಲಗೆಯ ಕುಳಿಗಳಲ್ಲಿ ನಿಲ್ಲಿಸಿ, ದೀಪ ಹಿಡಿದು ಎಲ್ಲದರೊಳಗೂ ಇಣುಕಿ ನೋಡಿದ ಮೇಲೆಯೇ ಗುಂಡು ಕೂರಿಸುತ್ತಾನೆ.

ಮುಂದೆ ಯಂತ್ರ ಬದಲಿಸಿದರೂ ಹೆಚ್ಚು ನಷ್ಟವಿಲ್ಲ. ಅಚ್ಚುಗಳನ್ನು ಪ್ರೆಸ್ಸಿಗೆ ತಿರುಗಿಸಿ ಕೂರಿಸುವ ತಿರುಪಿಗೆ ಒಂದು ರೂಢಿಯ ಅಳತೆಯಿದೆ: 7/8 ಇಂಚು ಅಗಲ, ಇಂಚಿಗೆ 14 ಸುತ್ತು. ಹೀಗಾಗಿ ವಿಸ್ಕಾನ್ಸಿನ್‌ನ ಲೀ ಕಂಪನಿಯ ಅಚ್ಚು ಆರ್‌ಸಿಬಿಎಸ್ ಕಂಪನಿಯ ಎರಕದ ಕಬ್ಬಿಣದ ಪ್ರೆಸ್ಸಿನಲ್ಲೂ ಕೂರುತ್ತದೆ. ಅಚ್ಚು ಕೊಳ್ಳುವಾಗ ಗಮನಿಸಬೇಕಾದ್ದು ಒಂದು. ನೇರ ಗೋಡೆಯ ಪಿಸ್ತೂಲಿನ ಕೋಶಗಳಿಗೆ ಟಂಗ್‌ಸ್ಟನ್ ಕಾರ್ಬೈಡ್ ಬಳೆಯ ಅಚ್ಚು ಸಿಗುತ್ತದೆ. ಅದು ಎಷ್ಟು ಗಡುಸು, ಎಷ್ಟು ನುಣುಪು ಎಂದರೆ ಜಿಡ್ಡು ಸವರದೆ ಒತ್ತಬಹುದು. ಕತ್ತು ಕಿರಿದಾದ ರೈಫಲ್ ಕೋಶಕ್ಕೆ ಜಿಡ್ಡು ಮರೆತರೆ ಅದು ಅಚ್ಚಿನೊಳಗೇ ಕಚ್ಚಿಕೊಂಡು ಕೂರುತ್ತದೆ, ತೆಗೆಯಲು ಬೇರೆಯದೇ ಸಲಕರಣೆ ಬೇಕು.

ಕೋಶದ ತಳದಲ್ಲಿ ಕೇಪಿನ ಬೆಂಕಿ ಒಳಹೋಗುವ ರಂಧ್ರವನ್ನೂ ನೋಡಬೇಕು. ನಡುವೆ ಒಂದೇ ರಂಧ್ರವಿದ್ದರೆ ಬಾಕ್ಸರ್ ಮಾದರಿ, ಅಚ್ಚಿನ ಸೂಜಿ ಹಳೆಯ ಕೇಪನ್ನು ಸಲೀಸಾಗಿ ನೂಕುತ್ತದೆ. ಎರಡು ಚಿಕ್ಕ ರಂಧ್ರಗಳಿದ್ದರೆ ಬರ್ಡನ್ ಮಾದರಿ, ಅಲ್ಲಿ ಸೂಜಿಯೇ ಮುರಿಯುತ್ತದೆ. ಬಾಕ್ಸರ್ ಇಂಗ್ಲಿಷ್ ಸೇನಾಧಿಕಾರಿ, ಬರ್ಡನ್ ಅಮೆರಿಕದವನು. ತಮಾಷೆಯೆಂದರೆ ಅಮೆರಿಕ ಅಪ್ಪಿಕೊಂಡದ್ದು ಬಾಕ್ಸರನ ಕೇಪನ್ನು, ಯೂರೋಪಿನಲ್ಲಿ ಹೆಚ್ಚು ನಡೆದದ್ದು ಬರ್ಡನನದು.

ಕನ್ನಡಕ ಇರಲಿ, ಕೆಲಸ ಮುಗಿದ ಮೇಲೆ ಕೈ ತೊಳೆಯಲಿ. ಕೇಪಿನಲ್ಲಿ ಸೀಸದ ಸಂಯುಕ್ತವಿದೆ, ಕೋಶ ಉಜ್ಜುವಾಗ ಏಳುವ ಧೂಳಿನಲ್ಲಿ ಅದೂ ಸೇರಿರುತ್ತದೆ. ಜೊತೆಗೆ ಇತ್ತೀಚಿನ ಮುದ್ರಣದ ಕೈಪಿಡಿಯೊಂದು ಬೇಕು. ಅದು ಹೇಳಿದ ಮದ್ದಿನ ಕನಿಷ್ಠ ಪ್ರಮಾಣದಿಂದ ಶುರುಮಾಡಿ ಮೇಲೇರಬೇಕೇ ಹೊರತು ಗರಿಷ್ಠದಿಂದಲ್ಲ.

ಇಷ್ಟೆಲ್ಲ ಸಾಧ್ಯವಾಗುವುದು ಹಿತ್ತಾಳೆಯಿಂದ. ನೂರಕ್ಕೆ 70 ತಾಮ್ರ, 30 ಸತು ಸೇರಿದ ಈ ಮಿಶ್ರಲೋಹ ಸಿಡಿತದ ಕ್ಷಣದಲ್ಲಿ ಹಿಗ್ಗಿ ನಳಿಗೆಯ ಗೋಡೆಗೆ ಅಂಟಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ, ಮರುಕ್ಷಣ ತುಸು ಕುಗ್ಗಿ ಸಡಿಲಾಗುತ್ತದೆ. ಆದರೆ ಪ್ರತಿ ಸಲ ಹಿಗ್ಗಿಸಿ ಒತ್ತಿದಾಗಲೂ ಲೋಹ ಗಡುಸಾಗುತ್ತ ಬಂದು ಕೊನೆಗೆ ಕತ್ತು ಸೀಳುತ್ತದೆ. ಕತ್ತನ್ನಷ್ಟೇ ಹದವಾಗಿ ಕಾಯಿಸಿದರೆ ಮೃದುತನ ಮರಳುತ್ತದೆ. ತಳಕ್ಕೆ ಮಾತ್ರ ಆ ಬಿಸಿ ತಾಗಬಾರದು, ಒತ್ತಡ ತಡೆಯುವ ಗಡಸುತನ ಅಲ್ಲಿ ಬೇಕೇ ಬೇಕು.

ಹಿತ್ತಾಳೆಯ ಇನ್ನೊಂದು ದೌರ್ಬಲ್ಯ ಬಯಲಾದದ್ದು ಭಾರತದಲ್ಲಿ. 19ನೇ ಶತಮಾನದಲ್ಲಿ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದರೆ ಎಷ್ಟೋ ಕೋಶಗಳು ಬಿರುಕುಬಿಟ್ಟಿರುತ್ತಿದ್ದವು. ಕಾರಣ ಸ್ಪಷ್ಟವಾದದ್ದು 1921ರಲ್ಲಿ: ಕುದುರೆ ಗಂಜಲದ ಅಮೋನಿಯ, ತಯಾರಿಕೆಯಲ್ಲಿ ಹಿತ್ತಾಳೆಯೊಳಗೆ ಉಳಿದ ಬಿಗುವಿನ ಜೊತೆ ಸೇರಿ ಲೋಹವನ್ನು ಸೀಳುತ್ತಿತ್ತು. ತೋಟಾ ತುಂಬುವವರು ಅಮೋನಿಯ ಬೆರೆಸಿದ ಪಾಲಿಷ್ ಹಾಕಿ ಕೋಶಗಳನ್ನು ಮಿರಿಮಿರಿ ಮಿಂಚಿಸಲು ಹೋಗದಿರುವುದು ಇದೇ ಕಾರಣಕ್ಕೆ. ಅವರು ಮೆಕ್ಕೆಜೋಳದ ತೆನೆಯ ದಿಂಡಿನ ಪುಡಿಯಲ್ಲೋ ಸ್ಟೀಲ್ ಕಡ್ಡಿಗಳಿರುವ ಸೋಪಿನ ನೀರಿನಲ್ಲೋ ಅವನ್ನು ಉರುಳಿಸಿ ತೊಳೆದು ಒಣಗಿಸುತ್ತಾರೆ.