ಆಡ್‌ಸೆನ್ಸ್ ಅಪ್ರೂವ್ ಆಯ್ತು ಸರಿ, ದುಡ್ಡು ಕೊಡೋರು ಯಾರು?

ವಾರಕ್ಕೊಬ್ಬರಾದ್ರೂ ಆಫೀಸಿಗೆ ಬಂದು ಇದನ್ನೇ ಕೇಳ್ತಾರೆ. "ಅಕ್ಕ, ಬ್ಲಾಗ್ ರೆಡಿ ಐತೆ, ಆಡ್‌ಸೆನ್ಸ್ ಅಪ್ರೂವಲ್ ಒಂದು ಮಾಡಿಸಿಕೊಡ್ರಿ, ಎಷ್ಟಾಗ್ತೈತೆ?" ಆಡ್‌ಸೆನ್ಸ್ ಅಂದ್ರೆ ನಿಮ್ಮ ಬ್ಲಾಗಲ್ಲಿ ಜಾಹೀರಾತು ತೋರಿಸಿ ಅದರ ದುಡ್ಡಲ್ಲಿ ಪಾಲು ಕೊಡೋ ಗೂಗಲ್‌ನ ವ್ಯವಸ್ಥೆ. ಪಿಜಿಯಲ್ಲಿರೋ ಇಂಜಿನಿಯರಿಂಗ್ ಹುಡುಗರು ಬರ್ತಾರೆ, ಪಿಡಿಓ ಪರೀಕ್ಷೆಗೆ ಓದ್ತಾ ಕೂತಿರೋರು ಬರ್ತಾರೆ, ಮಗು ಆದ್ಮೇಲೆ ಸ್ಕೂಲ್ ಕೆಲ್ಸ ಬಿಟ್ಟಿರೋ ಟೀಚರ್‌ಗಳು ಬರ್ತಾರೆ, ಮೊನ್ನೆ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಒಬ್ರು ಬಂದಿದ್ರು. ಎಲ್ಲರ ತಲೇಲೂ ಒಂದೇ ಲೆಕ್ಕ, ಅಪ್ರೂವಲ್ ಸಿಕ್ಕಿದ ದಿನದಿಂದ ದುಡ್ಡು ಬರೋಕೆ ಶುರು ಅಂತ. ದಾವಣಗೆರೇಲಿ ವೆಬ್‌ಸೈಟ್ ಮಾಡಿಕೊಡೋದು, ನೋಡ್ಕೊಳ್ಳೋದು ನನ್ನ ಕಸುಬು. ಬ್ಲಾಗ್ ತೆರೆಯೋದು ಹೆಂಗೆ, ಯಾವ ಥೀಮ್ ಚೆನ್ನಾಗಿದೆ ಅನ್ನೋದೆಲ್ಲ ಇಲ್ಲಿ ಬರೆಯಲ್ಲ, ಅದು ಒಂದು ಸಂಜೆ ಕೂತ್ರೆ ಮುಗಿಯೋ ಕೆಲ್ಸ. ನಾನು ಎಷ್ಟು ಸಲ ಹೇಳಿದ್ರೂ ಯಾರ ಕಿವಿಗೂ ಬೀಳದೇ ಇರೋ ವಿಷ್ಯ ಒಂದಿದೆ, ಅದನ್ನೇ ಬರೀತೀನಿ.

ನಿಮ್ಮ ಬ್ಲಾಗಿಗೆ ಗೂಗಲ್ ಕೈಯಿಂದ ದುಡ್ಡು ಹಾಕಲ್ಲ. ದುಡ್ಡು ಹಾಕೋನು ಜಾಹೀರಾತು ಕೊಡೋನು. ಅವನು ಗೂಗಲ್‌ಗೆ ಕೊಡ್ತಾನೆ, ಗೂಗಲ್ ತನ್ನ ಪಾಲು ಹಿಡ್ಕೊಂಡು ಸುಮಾರು 68 ಪರ್ಸೆಂಟ್ ನಿಮ್ಮ ಕಡೆ ಬಿಡುತ್ತೆ. ಅಪ್ರೂವಲ್ ಅಂದ್ರೆ ನಿಮ್ಮ ಪೇಜಲ್ಲಿ ಜಾಹೀರಾತು ಹಾಕೋಕೆ ಗೂಗಲ್ ಒಪ್ಪಿತು ಅಂತ ಅಷ್ಟೇ, ಯಾರೋ ಒಬ್ಬ ಅಲ್ಲಿ ಜಾಹೀರಾತು ಹಾಕೋಕೆ ಒಳ್ಳೆ ರೇಟು ಕೊಡ್ತಾನೆ ಅಂತ ಅಲ್ಲ. ಇವೆರಡರ ಮಧ್ಯೆ ಇರೋ ವ್ಯತ್ಯಾಸ ಗೊತ್ತಿಲ್ದೇ ವರ್ಷಗಟ್ಟಲೆ ಬರೆದು ಸುಸ್ತಾದ ಎಷ್ಟೋ ಜನರನ್ನ ನೋಡಿದೀನಿ, ಬೇಜಾರಾಗುತ್ತೆ, ಯಾಕಂದ್ರೆ ಅವರಲ್ಲಿ ಸೋಮಾರಿಗಳು ಯಾರೂ ಇರಲಿಲ್ಲ.

ನಮ್ಮ ಎಪಿಎಂಸಿಗೆ ಮೆಕ್ಕೆಜೋಳ ಬರೋ ಸೀಸನ್ನಲ್ಲಿ ಹೋಗಿ ನೋಡಿ, ಒಂದೊಂದು ರಾಶಿಗೂ ಬೇರೆ ರೇಟು ಬೀಳುತ್ತೆ. ರಾಶಿ ಎಷ್ಟು ದೊಡ್ಡದು ಅಂತ ನೋಡಿ ಯಾರೂ ಕ್ವಿಂಟಲ್‌ಗೆ ರೇಟು ಬರೆಯಲ್ಲ, ಕಾಳು ಒಣಗಿದೆಯಾ ಹಸಿ ಇದೆಯಾ ಅಂತ ಕೈಗೆ ತಗೊಂಡು ನೋಡಿ ಬರೀತಾರೆ. ಆಡ್‌ಸೆನ್ಸ್‌ನಲ್ಲೂ ನಡೆಯೋದು ಹರಾಜೇ. ಯಾರಾದ್ರೂ ನಿಮ್ಮ ಪೇಜು ತೆರೆದ ಆ ಕ್ಷಣದಲ್ಲೇ ಹರಾಜು ನಡೆದು ಮುಗಿದೂ ಹೋಗುತ್ತೆ, ಆ ಓದುಗ ಯಾವ ಊರಲ್ಲಿದಾನೆ, ಯಾವ ಫೋನಲ್ಲಿ ನೋಡ್ತಿದಾನೆ, ಯಾವ ವಿಷ್ಯದ ಪೇಜಲ್ಲಿದಾನೆ, ಏನಾದ್ರೂ ಕೊಳ್ಳೋ ಅಂದಾಜಲ್ಲಿದಾನಾ ಅನ್ನೋದ್ರ ಮೇಲೆ ರೇಟು ಕೂಗ್ತಾರೆ. ಆರೋಗ್ಯ ವಿಮೆ ಯಾವುದು ಮಾಡಿಸ್ಲಿ ಅಂತ ಹುಡುಕ್ತಾ ಬಂದವನಿಗೆ ಒಂದು ರೇಟು, ಎಸ್ಸೆಸ್ಸೆಲ್ಸಿ ರಿಸಲ್ಟ್ ಯಾವತ್ತು ಅಂತ ನೋಡೋಕೆ ಬಂದ ಹುಡುಗನಿಗೆ ಇನ್ನೊಂದು ರೇಟು. ನಿಮಗೆ ಇಬ್ಬರೂ ಒಂದೊಂದು ವ್ಯೂ, ಜಾಹೀರಾತು ಕೊಡೋನಿಗೆ ಹಂಗಲ್ಲ.

ಈಗ ಲೆಕ್ಕ ನೋಡಿ. ಸಾವಿರ ವ್ಯೂಗೆ ಎಷ್ಟು ಹುಟ್ಟುತ್ತೆ ಅನ್ನೋದಕ್ಕೆ ಆರ್‌ಪಿಎಂ ಅಂತಾರೆ. ಅರ್ಧ ಡಾಲರ್ ಅಂತ ಇಟ್ಕೊಳಿ (ಲೆಕ್ಕಕ್ಕೆ ಹೇಳ್ತಿರೋದು, ನಿಮ್ಮದು ಹೆಚ್ಚಿರಬಹುದು, ಕಮ್ಮೀನೂ ಇರಬಹುದು). 100 ಡಾಲರ್ ಕೂಡೋ ತನಕ ಪೇಮೆಂಟ್ ಬಿಡುಗಡೆ ಆಗಲ್ಲ. ಅಂದ್ರೆ 2 ಲಕ್ಷ ವ್ಯೂ ಬೇಕು. ದಿನಕ್ಕೆ 300 ವ್ಯೂ ಬರ್ತಿದ್ರೆ, ಹೊಸ ಬ್ಲಾಗಿಗೆ ಅದೇ ದೊಡ್ಡ ಸಂಖ್ಯೆ, ಮೊದಲ 100 ಡಾಲರ್ ಕೈಗೆ ಬರೋಕೆ 22 ತಿಂಗಳು. ಈ ಲೆಕ್ಕ ಹಾಕಿ ತೋರಿಸಿದ್ರೆ "ಅಲ್ಲಕ್ಕ, ಯೂಟ್ಯೂಬಲ್ಲಿ ಅವ್ನು ತಿಂಗಳಿಗೆ ಲಕ್ಷ ಅಂತಾನಲ್ಲ" ಅಂತಾರೆ. ಅವನು ಲಕ್ಷ ದುಡೀತಿರಬಹುದಪ್ಪ, ಆದ್ರೆ ಬ್ಲಾಗಿಂದಲೋ, ಬ್ಲಾಗ್ ಮಾಡೋದು ಹೆಂಗೆ ಅನ್ನೋ ಕೋರ್ಸನ್ನ ನಿಮ್ಮಂಥೋರಿಗೆ ಮಾರೋದ್ರಿಂದಲೋ ಅಂತ ಕೇಳಿದೀರಾ?

ಚನ್ನಗಿರಿ ಕಡೆಯ ಹುಡುಗ ಒಬ್ಬ, ಬಿಕಾಂ ಮುಗಿಸಿ ಅಪ್ಪನ ಜೊತೆ ತೋಟ ನೋಡ್ಕೊಂಡಿದಾನೆ, ಅಡಿಕೆ ಧಾರಣೆಯ ಬ್ಲಾಗ್ ಮಾಡಿದ್ದ. ದಿನಾ ಸಂಜೆ ಕೂತು ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೂ ಕನಿಷ್ಠ ಎಷ್ಟು ಗರಿಷ್ಠ ಎಷ್ಟು ಅಂತ ಮಾರುಕಟ್ಟೆವಾರು ಟೇಬಲ್ ಹಾಕ್ತಿದ್ದ, ಒಂದು ದಿನ ತಪ್ಪಿಸ್ತಿರಲಿಲ್ಲ. ಸಿಕ್ಕಾಪಟ್ಟೆ ವ್ಯೂಸ್ ಬರ್ತಿತ್ತು. ಬಂದು ಗ್ಲಾಸ್ ಒಡೆದಿರೋ ಫೋನಲ್ಲಿ ಆಡ್‌ಸೆನ್ಸ್ ರಿಪೋರ್ಟ್ ತೆಗೆದು ತೋರಿಸಿದ, "ಇಷ್ಟು ಜನ ಬರ್ತಾರೆ, ದುಡ್ಡು ಮಾತ್ರ ಯಾಕಕ್ಕ ಹಿಂಗೆ" ಅಂದ. ಬಂದ ದುಡ್ಡಲ್ಲಿ ಹೋಸ್ಟಿಂಗ್ (ಸೈಟ್ ಇಡೋ ಜಾಗದ ಬಾಡಿಗೆ) ರಿನ್ಯೂವಲ್ ಕೂಡ ಗಿಟ್ಟಲ್ಲ.

ಇಬ್ಬರೂ ಕೂತು ಅವನ ಓದುಗರು ಏನು ಮಾಡ್ತಾರೆ ಅಂತ ನೋಡಿದ್ವಿ. ಬರ್ತಾರೆ, ಇವತ್ತಿನ ರಾಶಿ ರೇಟು ನೋಡ್ತಾರೆ, ಹೋಗ್ತಾರೆ. ತೋಟದಲ್ಲಿ ನೆಟ್‌ವರ್ಕ್ ನಿಧಾನ, ಎಷ್ಟೋ ಸಲ ಜಾಹೀರಾತು ಲೋಡ್ ಆಗೋದ್ರೊಳಗೆ ಪೇಜೇ ಮುಚ್ಚಿರುತ್ತೆ. ಆ ಹೊತ್ತಲ್ಲಿ ಅವರು ಮಾರೋ ಯೋಚನೇಲಿ ಇರ್ತಾರೆ, ಏನನ್ನೂ ಕೊಳ್ಳೋ ಯೋಚನೆ ಇರಲ್ಲ. ಆದ್ರೆ ಯಾರು ಈ ಜನ? ಅಡಿಕೆ ಬೆಳೆಗಾರರು. ವರ್ಷ ವರ್ಷ ಮಷೀನಿಗೆ, ದೋಟಿಗೆ, ಔಷಧಿ ಹೊಡೆಯೋ ಪಂಪಿಗೆ, ಡ್ರಿಪ್ಪಿಗೆ ದುಡ್ಡು ಹಾಕೋರು. ನಾನು ಹೇಳಿದೆ, ನೋಡಪ್ಪ, ಧಾರಣೆ ಹಾಕೋದು ಬಿಡಬೇಡ, ಆದ್ರೆ ನಿಮ್ಮ ತೋಟದಲ್ಲೇ ಸುಲಿಯೋ ಮಷೀನ್ ಇದೆಯಲ್ಲ, ಅದರಲ್ಲಿ ಕಾಯಿ ಎಷ್ಟು ಒಡೆಯುತ್ತೆ, ಬೆಲ್ಟು ಎಷ್ಟು ದಿನಕ್ಕೆ ಹೋಗುತ್ತೆ, ಸಣ್ಣ ಕಾಯಿ ದಪ್ಪ ಕಾಯಿ ಬೆರೆಸಿ ಹಾಕಿದ್ರೆ ಏನಾಗುತ್ತೆ, ಸರ್ವೀಸಿಗೆ ಕರೆದ್ರೆ ಬರ್ತಾರಾ ಇಲ್ವಾ, ಇದನ್ನ ಫೋಟೋ ಹಾಕಿ ಬರಿ. ಬರೆದ. ಧಾರಣೆ ಪೇಜಿನ ಪಕ್ಕದಲ್ಲಿಟ್ರೆ ಅದಕ್ಕೆ ಬಂದ ವ್ಯೂಸ್ ಏನೂ ಅಲ್ಲ. ಆದ್ರೆ ಮಷೀನ್ ಮಾರೋ ಡೀಲರ್ ಒಬ್ಬರು ಅದನ್ನ ನೋಡಿ ಇವನಿಗೆ ಫೋನ್ ಮಾಡಿದ್ರು, ಈಗ ಅಡಿಕೆ ಸೀಸನ್ನಿನ ತಿಂಗಳುಗಳಲ್ಲಿ ಧಾರಣೆ ಪೇಜಿನ ಮೇಲ್ಗಡೆ ಅವರ ಜಾಹೀರಾತು ಇರುತ್ತೆ, ದುಡ್ಡು ನೇರವಾಗಿ ಇವನ ಖಾತೆಗೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಿದ್ದೆ, ದುಡ್ಡು ತಗೊಂಡು ಹಾಕಿದ್ದು ಜಾಹೀರಾತು ಅಂತ ಪೇಜಲ್ಲೇ ಕಾಣೋ ಹಂಗೆ ಬರೀಬೇಕು, ಆ ಡೀಲರ್ ಮಷೀನ್ ಬಗ್ಗೆ ಒಳ್ಳೇದೇ ಬರಿ ಅಂದ್ರೆ ಒಪ್ಪಬಾರದು. ಒಪ್ಪಿದ ದಿನ ಊರಿನ ರೈತರ ಮುಂದೆ ಮುಖ ತೋರಿಸೋದು ಕಷ್ಟ.

ಸೈಟಲ್ಲಿ ಒಂದೇ ಒಂದು ಜಾಹೀರಾತು ಇಲ್ದೇನೂ ದುಡೀಬಹುದು ಅಂದ್ರೆ ನಂಬಲ್ಲ ಜನ. ನನ್ನ ಕಸ್ಟಮರ್ ಒಬ್ರು ಬೋರ್‌ವೆಲ್ ಮೋಟ್ರು ರಿವೈಂಡಿಂಗ್ ಮಾಡ್ತಾರೆ, ಓದಿದ್ದು ಐಟಿಐ. ಅವರಿಗೆ ಬರೆಯೋಕೆ ಬೇಜಾರು, ಫೋನಲ್ಲಿ ಮಾತಾಡಿ ಟೈಪ್ ಮಾಡಿಸ್ತಾರೆ, ಪಿಯುಸಿ ಓದೋ ಮಗಳು ತಪ್ಪು ತಿದ್ದಿ ಹಾಕ್ತಾಳೆ. ಅವರ ಸೈಟಲ್ಲಿ ಎಲ್ಲರೂ ಓದೋ ಪೇಜು ಯಾವುದು ಅಂದ್ರೆ, ಮೋಟ್ರು ಪದೇ ಪದೇ ಯಾಕೆ ಸುಡುತ್ತೆ ಅನ್ನೋದು. ತ್ರೀ ಫೇಸ್ ಇಲ್ದಿದ್ದಾಗ ಕಂಡೆನ್ಸರ್ ಹಾಕಿ ಎರಡು ಫೇಸಲ್ಲೇ ಓಡಿಸಿದ್ರೆ ವೈಂಡಿಂಗ್ ಮೇಲೆ ಏನಾಗುತ್ತೆ, ಓಡ್ತಾ ಓಡ್ತಾ ಒಂದು ಫೇಸ್ ಹೋದ್ರೆ ಏನಾಗುತ್ತೆ, ವೋಲ್ಟೇಜ್ ಕಮ್ಮಿ ಇದ್ದಾಗ ಮೋಟ್ರು ಯಾಕೆ ಜಾಸ್ತಿ ಆಂಪ್ಸ್ ಎಳೆಯುತ್ತೆ, ಬೋರಲ್ಲಿ ನೀರು ಕೆಳಗೆ ಹೋಗಿ ಡ್ರೈ ರನ್ ಆದ್ರೆ ಯಾವ ಭಾಗ ಮೊದಲು ಹೋಗುತ್ತೆ, ಒಂದೊಂದಕ್ಕೂ ಅಂಗಡಿಗೆ ಬಂದ ಸುಟ್ಟ ಮೋಟ್ರಿನ ಫೋಟೋ. ಒಂದು ಫೋಟೋದಲ್ಲಿ ಕರ್ರಗಾದ ಕಾಯಿಲ್ ಪಕ್ಕದಲ್ಲೇ ತಾಮ್ರ ಹೊಳೀತಿರೋ ಕಾಯಿಲ್ ಇದೆ, ಅದರ ಕೆಳಗೆ ಬರೆದಿದಾರೆ, "ಹಿಂಗೆ ಒಂದು ಫೇಸ್ ಬಿಟ್ಟು ಉಳಿದವು ಸುಟ್ಟಿದ್ರೆ ತಪ್ಪು ಮೋಟ್ರದಲ್ಲ, ಕರೆಂಟಿಂದು, ಪ್ರಿವೆಂಟರ್ ಹಾಕಿಸ್ರಿ." ಪ್ರಿವೆಂಟರ್ ಅಂದ್ರೆ ಒಂದು ಫೇಸ್ ಹೋದ್ರೆ ಮೋಟ್ರನ್ನ ತಾನೇ ನಿಲ್ಲಿಸೋ ಸಾಧನ. ಜಗಳೂರಿಂದ, ಚಳ್ಳಕೆರೆ ಕಡೆಯಿಂದ ಎಲ್ಲ ಅವರಿಗೆ ಫೋನ್ ಬರುತ್ತೆ, ಬೇಸಿಗೇಲಿ ಅಂಗಡೀಲಿ ಕಾಲಿಡೋಕೆ ಜಾಗ ಇರಲ್ಲ. ಅವರ ವ್ಯೂಸ್ ಕೇಳಿದ್ರೆ ಈ ಅಪ್ರೂವಲ್ ಹುಡುಗರು ಅಷ್ಟೇನಾ ಅಂತಾರೆ. ಆದ್ರೆ ಬಂದೋನು ಮೋಟ್ರು ಸುಟ್ಟು, ಬೆಳೆ ಒಣಗ್ತಿದೆ ಅಂತ ಬಂದವನು, ಅವತ್ತೇ ರಿಪೇರಿ ಆಗಬೇಕು ಅವನಿಗೆ. ನಾನು ಮೇಲೆ ಇಷ್ಟುದ್ದ ಹೇಳಿದ್ದು ಇದನ್ನೇ, ಎಷ್ಟು ಜನ ಬಂದ್ರು ಅನ್ನೋದಕ್ಕಿಂತ ಯಾಕೆ ಬಂದ್ರು ಅನ್ನೋದ್ರ ಮೇಲೆ ದುಡ್ಡು ನಿಂತಿದೆ.

ಇನ್ನು ಸರ್ಕಾರಿ ಯೋಜನೆ ಬ್ಲಾಗುಗಳ ವಿಷ್ಯ. 2023ರ ಆಗಸ್ಟಲ್ಲಿ ಗೃಹಲಕ್ಷ್ಮಿ ದುಡ್ಡು ತಿಂಗಳಿಗೆ 2000 ಅಂತ ಶುರುವಾಯ್ತಲ್ಲ, ಆವಾಗಿಂದ ಇದು ಒಂದು ದಂಧೆ ಥರ ಆಗಿದೆ. ಬಾಕಿ ಕಂತು ಜಮಾ, ಪಟ್ಟೀಲಿ ನಿಮ್ಮ ಹೆಸರು ನೋಡಿ ಅಂತ ಹೆಡ್ಡಿಂಗು, ಒಳಗೆ ನೋಡಿದ್ರೆ ಏನೂ ಇರಲ್ಲ. ನಮ್ಮ ಆಫೀಸಿನ ಕೆಳಗೆ ಒಂದು ಸೈಬರ್ ಇದೆ, ಅಲ್ಲಿಗೆ ಹೆಂಗಸರು, ಅಜ್ಜಿಯರು ಹಳ್ಳಿಯಿಂದ ಕೂಲಿ ಬಿಟ್ಟು ಬಂದು ಪಾಸ್‌ಬುಕ್ ಹಿಡ್ಕೊಂಡು ನಿಂತ್ಕೊಳ್ತಾರೆ, "ದುಡ್ಡು ಬಂದೈತಂತೆ, ಮೊಬೈಲ್‌ನಾಗೆ ಹಾಕ್ಯಾರೆ, ನೋಡಪ್ಪ" ಅಂತ. ನೋಡಿದ್ರೆ ಬಂದಿರಲ್ಲ. ಆ ಅಜ್ಜಿ ವಾಪಸ್ ಹೋಗೋದು ನೋಡಿದೋರು ಯಾರೂ ಅಂಥ ಹೆಡ್ಡಿಂಗ್ ಹಾಕಲ್ಲ ಅಂದ್ಕೊಂಡಿದೀನಿ. ಅಂಥ ಬ್ಲಾಗು ನಾನು ಮಾಡಿಕೊಡಲ್ಲ, ಎಷ್ಟು ಕೊಟ್ರೂ. ಬಿಸಿನೆಸ್ ಅಂತ ನೋಡಿದ್ರೂ ಅದು ನಿಲ್ಲಲ್ಲ. ಒಂದು ವಾರ ಡಿಸ್ಕವರ್‌ನಲ್ಲಿ (ಹುಡುಕದೇ ಇದ್ರೂ ಗೂಗಲ್ ಫೋನಲ್ಲಿ ತಾನಾಗೇ ಪೇಜುಗಳನ್ನ ತೋರಿಸೋ ಜಾಗ) ಎತ್ತಿ ಹಿಡಿಯುತ್ತೆ, ಮುಂದಿನ ವಾರ ಸೊನ್ನೆ. ಸರ್ಚಲ್ಲಿ ಮೇಲೆ ಬರೋಕೆ ಅಂತಲೇ ರಾಶಿಗಟ್ಟಲೆ ಪೇಜು ಸುರಿಯೋ ಸೈಟುಗಳ ಮೇಲೆ ಗೂಗಲ್ 2024ರ ಮಾರ್ಚಲ್ಲಿ ನಿಯಮ ಬಿಗಿ ಮಾಡಿತು, ಮನುಷ್ಯ ಬರೆದ್ರೂ ಅಷ್ಟೇ, ಚಾಟ್‌ಜಿಪಿಟಿಲಿ ಒಂದೇ ರಾತ್ರಿ ನೂರು ಪೋಸ್ಟ್ ಹಾಕಿದ್ರೂ ಅಷ್ಟೇ. ಅದೇ ವರ್ಷ ಆಗಸ್ಟಿಂದ ನಮ್ಮ ದೇಶದಲ್ಲೂ ಸರ್ಚ್ ಮಾಡಿದ್ರೆ ಮೇಲ್ಗಡೆ ಎಐ ಉತ್ತರ ಬರೋಕೆ ಶುರುವಾಯ್ತು, ಒಂದು ಸಾಲಲ್ಲಿ ಮುಗಿಯೋ ಉತ್ತರಕ್ಕೆ ಇನ್ಮೇಲೆ ನಿಮ್ಮ ಪೇಜಿನ ತನಕ ಯಾಕೆ ಬರ್ತಾರೆ? ಸುಟ್ಟ ಮೋಟ್ರಿನ ಫೋಟೋ ನೋಡೋಕಾದ್ರೆ ಬರ್ತಾರೆ.

ಸ್ನೇಹಿತರ ಹತ್ರ ಜಾಹೀರಾತು ಕ್ಲಿಕ್ ಮಾಡಿಸೋದು, ವಾಟ್ಸಾಪ್ ಗ್ರೂಪಲ್ಲಿ ನೀನು ನಂದು ಒತ್ತು ನಾನು ನಿಂದು ಒತ್ತುತೀನಿ ಅನ್ನೋದು, ದಯವಿಟ್ಟು ಬೇಡ. ಅಕೌಂಟ್ ಹೋಗುತ್ತೆ, ಕೂಡಿಸಿದ್ದೂ ಹೋಗುತ್ತೆ, ವಾಪಸ್ ತರಿಸಿಕೊಡಿ ಅಂತ ನನ್ನ ಹತ್ರ ಬಂದ್ರೆ ನಾನು ಏನೂ ಮಾಡೋಕಾಗಲ್ಲ. ಬೇರೆಯವರ ಅಪ್ರೂವ್ ಆದ ಅಕೌಂಟ್ ದುಡ್ಡು ಕೊಟ್ಟು ಕೊಳ್ಳೋದೂ ಅಷ್ಟೇ ಅಪಾಯ. 10 ಡಾಲರ್ ದಾಟಿದ ಮೇಲೆ ವಿಳಾಸ ಖಾತ್ರಿಗೆ ಅಂತ ಗೂಗಲ್ ಸಾದಾ ಪೋಸ್ಟಲ್ಲಿ ಪಿನ್ ಕಳಿಸುತ್ತೆ, 4 ತಿಂಗಳೊಳಗೆ ಅದನ್ನ ಹಾಕದಿದ್ರೆ ಜಾಹೀರಾತು ನಿಲ್ಲಿಸುತ್ತೆ, ಹಂಗಾಗಿ ಹಳ್ಳಿ ವಿಳಾಸ ಕೊಟ್ಟಿದ್ರೆ ಪೋಸ್ಟ್‌ಮ್ಯಾನ್‌ಗೆ ಮೊದಲೇ ಒಂದು ಮಾತು ಹೇಳಿಡಿ.

ಅಮೆಜಾನ್ ಲಿಂಕ್ ಹಾಕಿ ಕಮಿಷನ್ ತಗೊಳ್ಳೋ ದಾರೀನೂ ಇದೆ, ಸೇರಿದ 180 ದಿನದಲ್ಲಿ 3 ಸೇಲ್ ಆಗ್ಲೇಬೇಕು, ಇಲ್ದಿದ್ರೆ ಅಕೌಂಟ್ ಮುಚ್ತಾರೆ. ಅಲ್ಲೂ ಪ್ರಶ್ನೆ ಅದೇ, ಓದೋನು ಕೊಳ್ಳೋಕೆ ಬಂದಿದಾನಾ?

ಬ್ಲಾಗಿಂದ ದುಡ್ಡೇ ಬರಲ್ಲ ಅಂತ ನಾನು ಹೇಳ್ತಿಲ್ಲ, ಚೆನ್ನಾಗಿ ದುಡಿಯೋರು ನನಗೇ ಗೊತ್ತಿದಾರೆ, ಆದ್ರೆ ಅವರೆಲ್ಲ ವರ್ಷಗಟ್ಟಲೆ ಬೇರೆ ಸಂಬಳದ ಮೇಲೆ ನಿಂತು ಬರೆದೋರು. ನಿಮ್ಮ ವಿಷ್ಯದಲ್ಲಿ ಏನಾಗುತ್ತೆ ಅಂತ ಯಾರೂ ಗ್ಯಾರಂಟಿ ಕೊಡೋಕಾಗಲ್ಲ, ಕೊಡ್ತೀನಿ ಅಂದೋರಿಂದ ದೂರ ಇರಿ. ಕೆಲ್ಸ ಬಿಡಬೇಡಿ. ಸಂಘದಲ್ಲಿ ಸಾಲ ತಗೊಂಡು ಕೋರ್ಸಿಗೆ ಕಟ್ಟಬೇಡಿ, ಕಳೆದ ಸಲ ಒಬ್ಬ ಅಮ್ಮ ಮಗನಿಗೋಸ್ಕರ ಕಟ್ಟಿದ್ದು ಕೇಳಿ ನನಗೆ ಅವತ್ತು ಊಟ ಸೇರಲಿಲ್ಲ. ಹೋಸ್ಟಿಂಗ್ ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ರಿನ್ಯೂವಲ್‌ಗೆ ಜಾಸ್ತಿ ಕೇಳ್ತಾರೆ, ಎರಡನೇ ವರ್ಷದ ರೇಟು ನೋಡಿಯೇ ತಗೊಳ್ಳಿ. ದುಡ್ಡು ಬರೋಕೆ ಶುರುವಾದ್ರೆ ಅದು ಆದಾಯ, ರಿಟರ್ನ್‌ನಲ್ಲಿ ತೋರಿಸಬೇಕು, ಫಾರಿನ್‌ನಿಂದ ಬಂದಿದ್ದು ಅಂತ ಬ್ಯಾಂಕಲ್ಲಿ ಪರ್ಪಸ್ ಕೋಡ್ (ದುಡ್ಡು ಯಾತಕ್ಕೆ ಬಂತು ಅಂತ ತಿಳಿಸೋ ಕೋಡ್) ಕೇಳ್ತಾರೆ, ಜಿಎಸ್‌ಟಿ ಬೇಕಾ ಬೇಡ್ವಾ ಅನ್ನೋದನ್ನ ನಿಮ್ಮ ಲೆಕ್ಕ ನೋಡೋ ಸಿಎ ಹತ್ರ ಕೇಳಿ, ನನ್ನ ಹತ್ರ ಬೇಡ.

ಇಷ್ಟೆಲ್ಲ ಓದಿಯೂ ಶುರು ಮಾಡ್ತೀನಿ ಅನ್ನೋರು ಖಂಡಿತ ಬನ್ನಿ, ಬರುವಾಗ ನಿಮ್ಮ ಕೆಲ್ಸದ ಬಗ್ಗೆ ಜನ ನಿಮ್ಮನ್ನ ಪದೇ ಪದೇ ಕೇಳೋ ಪ್ರಶ್ನೆಗಳನ್ನ ಒಂದು ಹಾಳೇಲಿ ಬರ್ಕೊಂಡು ಬನ್ನಿ, ಅಲ್ಲಿಂದ ಶುರು ಮಾಡೋಣ. ಡೊಮೇನ್ (ಸೈಟಿನ ವಿಳಾಸ) ಮಾತ್ರ ನಿಮ್ಮ ಹೆಸರಲ್ಲೇ, ನಿಮ್ಮ ಈಮೇಲಲ್ಲೇ, ನಿಮ್ಮ ಫೋನ್ ನಂಬರಲ್ಲೇ ರಿಜಿಸ್ಟರ್ ಆಗಿರಬೇಕು, ಪಾಸ್‌ವರ್ಡ್ ನಿಮ್ಮ ಹತ್ರಾನೇ ಇರಬೇಕು. ಸೈಟ್ ಯಾರು ಮಾಡಿಕೊಟ್ರೂ ಸರಿ, ನಾನೇ ಮಾಡಿಕೊಟ್ರೂ ಸರಿ, ಇದನ್ನ ಮೊದಲ ದಿನವೇ ಕೇಳಿ ಇಸ್ಕೊಳ್ಳಿ.