11 ಇದ್ದದ್ದು 22 ಆದಾಗ: ಅಮೆರಿಕದ ಮೆಡಿಕಲ್ ಬಿಲ್ಲಿನಲ್ಲಿ ಜಾಗದ ಲೆಕ್ಕ

ಅಮೆರಿಕದಲ್ಲಿ ಡಾಕ್ಟರು ಇನ್ಶೂರೆನ್ಸ್‌ಗೆ ಕಳಿಸುವ ಕ್ಲೇಮ್ ಫಾರ್ಮಿಗೆ ಸಿಎಂಎಸ್-1500 ಅಂತ ಹೆಸರು. ಕೆಂಪು ಶಾಯಿಯಲ್ಲಿ ಅಚ್ಚಾದ ಹಾಳೆ. ಅದರಲ್ಲಿ 24ಬಿ ಅನ್ನೋ ಪುಟ್ಟ ಕಾಲಂ ಇದೆ. ರೋಗಿಯನ್ನು ಎಲ್ಲಿ ನೋಡಿದರು ಅಂತ ಅಲ್ಲಿ ಎರಡಂಕಿಯಲ್ಲಿ ಬರೆಯಬೇಕು. 11 ಅಂದರೆ ಡಾಕ್ಟರ ಕ್ಲಿನಿಕ್. 12 ರೋಗಿಯ ಮನೆ. 21 ಆಸ್ಪತ್ರೆಯ ಒಳರೋಗಿ, 22 ಹೊರರೋಗಿ ವಿಭಾಗ, 23 ಎಮರ್ಜೆನ್ಸಿ. ಈಗ ಹೆಚ್ಚಿನ ಕ್ಲೇಮುಗಳು ಕಂಪ್ಯೂಟರಿನಲ್ಲೇ ಹೋಗುತ್ತವೆ. ಆದರೂ ಆ ಎರಡಂಕಿ ಬಿಟ್ಟಿಲ್ಲ. ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡಿ ಈ ಕ್ಲೇಮುಗಳನ್ನು ನೋಡುವ ನಮ್ಮ ಹುಡುಗ ಹುಡುಗಿಯರಿಗೆ ‘ಪಿಓಎಸ್’ (ಪ್ಲೇಸ್ ಆಫ್ ಸರ್ವಿಸ್, ಅಂದರೆ ಸೇವೆ ಕೊಟ್ಟ ಜಾಗ) ಅಂದರೆ ಸಾಕು, ಗೊತ್ತಾಗುತ್ತದೆ.

ಜಾಗಕ್ಕೂ ದುಡ್ಡಿಗೂ ಏನು ಸಂಬಂಧ? ವಯಸ್ಸಾದವರಿಗಾಗಿ ಅಮೆರಿಕ ಸರ್ಕಾರ ಮೆಡಿಕೇರ್ ಅನ್ನೋ ಆರೋಗ್ಯ ವಿಮೆಯ ಕಾನೂನು ತಂದಿದ್ದು 1965ರಲ್ಲಿ. ಆಗ ಡಾಕ್ಟರುಗಳು ವಾಡಿಕೆಯಂತೆ ಕೇಳುವ ಫೀಸನ್ನೇ ನೋಡಿಕೊಂಡು ಹಣ ಕೊಡುತ್ತಿದ್ದರು. ಖರ್ಚು ಏರುತ್ತಲೇ ಹೋಯಿತು. 1992ರಲ್ಲಿ ಹೊಸ ದರಪಟ್ಟಿ ಬಂತು. ಅದರಲ್ಲಿ ಮೂರು ಪಾಲು: ಡಾಕ್ಟರ ಶ್ರಮಕ್ಕೆ ಒಂದು, ಕ್ಲಿನಿಕ್ ನಡೆಸುವ ಖರ್ಚಿಗೆ ಒಂದು, ಚಿಕಿತ್ಸೆಯಲ್ಲಿ ತಪ್ಪಾದರೆ ಬರುವ ದಾವೆಗಳ ವಿಮೆಗೆ ಇನ್ನೊಂದು. 1999ರಿಂದ 2002ರ ನಡುವೆ ಈ ಎರಡನೇ ಪಾಲನ್ನು ನಿಜವಾದ ಖರ್ಚಿನ ಲೆಕ್ಕಕ್ಕೆ ತಂದರು. ಹಾಗಾಗಿ ಎಷ್ಟೋ ಸೇವೆಗಳಿಗೆ ಎರಡೆರಡು ದರ. ಸ್ವಂತ ಕ್ಲಿನಿಕ್ಕಿನಲ್ಲಿ ಬಾಡಿಗೆ, ನರ್ಸಿನ ಸಂಬಳ, ಹತ್ತಿ, ಸಿರಿಂಜು ಎಲ್ಲ ಡಾಕ್ಟರದೇ, ಅದಕ್ಕೆ ಜಾಸ್ತಿ. ಆಸ್ಪತ್ರೆಯಲ್ಲಿ ಅದೆಲ್ಲ ಆಸ್ಪತ್ರೆಯದು, ಅದಕ್ಕೆ ಡಾಕ್ಟರಿಗೆ ಕಡಿಮೆ. ಇಲ್ಲಿಯವರೆಗೆ ನ್ಯಾಯವಾಗಿಯೇ ಇದೆ, ಅಲ್ವಾ?

ಆದರೆ 22 ಅಂತ ಬರೆದಾಗ ಆಸ್ಪತ್ರೆಯೂ ಬೇರೆ ಬಿಲ್ ಕಳಿಸುತ್ತದೆ. 2000ದ ಆಗಸ್ಟಿನಿಂದ ಮೆಡಿಕೇರ್ ಹೊರರೋಗಿ ಸೇವೆಗಳಿಗೆ ಪ್ರತ್ಯೇಕ ದರ ಇಟ್ಟಿದೆ. ಎರಡೂ ಬಿಲ್ ಕೂಡಿಸಿದರೆ ಮೊತ್ತ ಸಾಮಾನ್ಯವಾಗಿ ಕ್ಲಿನಿಕ್ಕಿನ ದರವನ್ನು ದಾಟುತ್ತದೆ. ಆಸ್ಪತ್ರೆಗಳು ಸುತ್ತಮುತ್ತಲ ಕ್ಲಿನಿಕ್ಕುಗಳನ್ನು ಕೊಳ್ಳಲು ಇದ್ದ ಕಾರಣಗಳಲ್ಲಿ ಇದೂ ಒಂದು.

2015ಕ್ಕೂ ಮುಂಚಿನ ಮಾತು, ಒಬ್ಬ ಅಜ್ಜಿ ಮೊಣಕಾಲಿನ ಇಂಜೆಕ್ಷನ್ನಿಗೆ ವರ್ಷಗಟ್ಟಲೆ ಒಂದೇ ಡಾಕ್ಟರ ಹತ್ತಿರ ಹೋಗುತ್ತಿದ್ದಾರೆ ಅಂದುಕೊಳ್ಳಿ. ಈ ಸಲವೂ ಅದೇ ಕೋಣೆ, ಅದೇ ಕುರ್ಚಿ, ಅದೇ ಸೂಜಿ. ಹೊರಗಿನ ಬೋರ್ಡಿನಲ್ಲಿ ಮಾತ್ರ ಆಸ್ಪತ್ರೆಯ ಹೆಸರು ಬಂದಿದೆ. ಕ್ಲೇಮಿನಲ್ಲಿ 11 ಹೋಗಿ 22 ಆಗಿದೆ. ಮನೆಗೆ ಬರುವುದು ಎರಡು ಬಿಲ್. ಬೇರೆ ಪೂರಕ ವಿಮೆ ಇಲ್ಲದಿದ್ದರೆ, ಸಾಮಾನ್ಯವಾಗಿ ಎರಡರಲ್ಲೂ ಶೇ. 20 ಅಜ್ಜಿಯೇ ಕಟ್ಟಬೇಕು. ಹಗಲೂ ರಾತ್ರಿ ಎಮರ್ಜೆನ್ಸಿ ತೆರೆದಿಡುವ ಆಸ್ಪತ್ರೆಗೆ ಖರ್ಚು ಜಾಸ್ತಿ, ಒಪ್ಪೋಣ. ಆದರೆ ಊರಿನ ಇನ್ನೊಂದು ತುದಿಯಲ್ಲಿ ಸಂಜೆ ಬಾಗಿಲು ಹಾಕುವ ಕ್ಲಿನಿಕ್ಕಿಗೂ ಅದೇ ದರ ಯಾಕೆ? ನನಗಂತೂ ಇದು ಸರಿ ಕಾಣುವುದಿಲ್ಲ.

2015ರ ನವೆಂಬರ್ 2ರಂದು ಸಹಿಯಾದ ಬಜೆಟ್ ಕಾನೂನು ಇದನ್ನೇ ಹಿಡಿಯಲು ನೋಡಿತು. ಆಸ್ಪತ್ರೆಯ ಮುಖ್ಯ ಕಟ್ಟಡದಿಂದ 250 ಗಜ, ಅಂದರೆ ಸುಮಾರು 230 ಮೀಟರ್ ಒಳಗಿದ್ದರೆ ಅದು ಆವರಣದ ಒಳಗೆ ಅಂತ ಲೆಕ್ಕ. ಆವರಣದ ಹೊರಗೆ ಹೊಸದಾಗಿ ತೆರೆದ ವಿಭಾಗಗಳಿಗೆ 2017ರಿಂದ ಆಸ್ಪತ್ರೆ ದರದ ಅರ್ಧ, 2018ರಿಂದ ಶೇ. 40 ಮಾತ್ರ. ಎಮರ್ಜೆನ್ಸಿ ವಿಭಾಗಗಳಿಗೆ ವಿನಾಯಿತಿ. ಒಳಗೆ, ಹೊರಗೆ ಅಂತ ಗುರುತಿಸಲು 2016ರ ಜನವರಿಯಲ್ಲಿ ಹೊರಗಿನದಕ್ಕೆ 19 ಅನ್ನೋ ಹೊಸ ಕೋಡೂ ಬಂದಿತ್ತು, 22 ಒಳಗಿನದಕ್ಕೆ ಉಳಿಯಿತು. ಆದರೆ ಮೊದಲೇ ನಡೆಯುತ್ತಿದ್ದ ಜಾಗಗಳನ್ನು ಕಾನೂನು ಮುಟ್ಟಲಿಲ್ಲ. ಅಲ್ಲಿನ ಮಾಮೂಲಿ ತಪಾಸಣೆಯ ದರವನ್ನು 2019ರಲ್ಲಿ ಮೆಡಿಕೇರ್ ಇಳಿಸಲು ಹೊರಟಾಗ ಆಸ್ಪತ್ರೆಗಳ ಸಂಘ ಕೋರ್ಟಿಗೆ ಹೋಯಿತು. ಮೊದಲು ಗೆದ್ದಿತು, 2020ರಲ್ಲಿ ಮೇಲಿನ ಕೋರ್ಟಿನಲ್ಲಿ ಸೋತಿತು. 2021ರಲ್ಲಿ ಸುಪ್ರೀಂ ಕೋರ್ಟು ಕೇಸನ್ನೇ ಕೈಗೆತ್ತಿಕೊಳ್ಳಲಿಲ್ಲ.

ಸುಮ್ನೆ ಕೈತಪ್ಪಿನಿಂದ ಆಗುವ ಎಡವಟ್ಟೂ ಉಂಟು. ಡಾಕ್ಟರು ರೋಗಿಯನ್ನು ನೋಡಿದ್ದು ಆಸ್ಪತ್ರೆಯಲ್ಲಿ, ಕ್ಲೇಮಿನಲ್ಲಿ ಅಭ್ಯಾಸಬಲದಿಂದ 11. ಡಾಕ್ಟರಿಗೆ ಜಾಸ್ತಿ ದುಡ್ಡು ಬರುತ್ತದೆ, ಆಮೇಲೆ ಆಡಿಟ್‌ನಲ್ಲಿ ಸಿಕ್ಕಿ ವಾಪಸ್ ಕಟ್ಟಬೇಕಾಗುತ್ತದೆ. ಆಸ್ಪತ್ರೆಯಲ್ಲಿ ದಾಖಲಾಗಿರುವ ರೋಗಿಯನ್ನು ಕ್ಲಿನಿಕ್ಕಿಗೆ ಕರೆತಂದು ನೋಡಿದರೂ 21 ಅಂತಲೇ ಬರೆಯಬೇಕು. ಹೊಸಬರು ಇಲ್ಲಿ ಎಡವುವುದು ಸಹಜ.

ಕೊರೋನಾ ಬಂದ ಮೇಲೆ ‘ಜಾಗ’ ಅನ್ನೋದೇ ಗೊಂದಲವಾಯಿತು. ಡಾಕ್ಟರು ಒಂದು ಕಡೆ, ರೋಗಿ ಇನ್ನೊಂದು ಕಡೆ. ವಿಡಿಯೋ ಚಿಕಿತ್ಸೆಗೆ 2017ರಿಂದಲೇ 02 ಇತ್ತು. 2020ರಲ್ಲಿ ಮೆಡಿಕೇರ್, ರೋಗಿ ಎದುರಿಗೇ ಬಂದಿದ್ದರೆ ಯಾವ ಕೋಡ್ ಹಾಕುತ್ತಿದ್ದಿರೋ ಅದನ್ನೇ ಹಾಕಿ, ಜೊತೆಗೆ ಇದು ವಿಡಿಯೋ ಚಿಕಿತ್ಸೆ ಅಂತ ತೋರಿಸಲು 95 ಅನ್ನೋ ಗುರುತು ಸೇರಿಸಿ ಎಂದಿತು. 2022ರಲ್ಲಿ ಮನೆಯಲ್ಲೇ ಇರುವ ರೋಗಿಗಾಗಿ 10 ಬಂತು. 2024ರಿಂದ 10ಕ್ಕೆ ಕ್ಲಿನಿಕ್ ದರ, 02ಕ್ಕೆ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಸಿಗುವ ಕಡಿಮೆ ದರ. ಹಾಗಾಗಿ ವಿಡಿಯೋ ಕಾಲ್ ಶುರುವಾದಾಗ ‘ಈಗ ನೀವು ಎಲ್ಲಿದ್ದೀರಿ? ಮನೆಯಲ್ಲೇನಾ?’ ಅಂತ ಕೇಳಿದರೆ, ಆ ಉತ್ತರವೂ ಬಿಲ್ಲಿನ ಕಾಲಂಗೆ ಹೋಗುತ್ತದೆ.